ಕುಲುಮೆ ಆರಿದರೆ ಕಾಯಕ ಉಳಿದೀತೆ?

ಕಳೆದ ಶ್ರಾವಣದಲ್ಲಿ ನಮ್ಮೂರ ಮಠದ ದಾಸೋಹ ಮನೆಯಲ್ಲಿ ಕೇಳಿದ ಒಂದು ಸಣ್ಣ ಮಾತಿನಿಂದ ಈ ಬರಹ ಹುಟ್ಟಿತು. ತಿಂಗಳಿಡೀ ಸಂಜೆ ಪ್ರವಚನ, ಆಮೇಲೆ ಪ್ರಸಾದ. ಅಕ್ಕನ ಬಳಗದ ನಾವು ಹತ್ತು ಹನ್ನೆರಡು ಜನ ಮಧ್ಯಾಹ್ನವೇ ಹೋಗಿ ಕಾಯಿಪಲ್ಯ ಹೆಚ್ಚಲು ಕೂರುತ್ತೇವೆ. ಭಕ್ತರೊಬ್ಬರು ಹೊಸ ಚಾಕುಗಳ ಒಂದು ಡಬ್ಬಿಯನ್ನು ಮಠಕ್ಕೆ ಕೊಟ್ಟಿದ್ದರು. ಹೊಳೆಯುವ ಸ್ಟೀಲಿನ ತೆಳ್ಳನೆಯ ಅಲಗು, ಬಣ್ಣಬಣ್ಣದ ಪ್ಲಾಸ್ಟಿಕ್ ಹಿಡಿ. ಮೊದಲ ವಾರ ಚೆನ್ನಾಗಿಯೇ ಕೊಯ್ದವು. ಎರಡನೆಯ ವಾರಕ್ಕೆ ಉಳ್ಳಾಗಡ್ಡಿಯನ್ನು ಕೊಯ್ಯುವ ಬದಲು ಜಜ್ಜತೊಡಗಿದವು. ಒಂದು ದಿನ ಕುಂಬಳಕಾಯಿಗೆ ಹಾಕಿದ ಚಾಕುವಿನ ಹಿಡಿ ನಮ್ಮ ಕೈಯಲ್ಲಿ ಉಳಿಯಿತು, ಅಲಗು ಕಾಯಿಯೊಳಗೆ ಉಳಿಯಿತು. ಮರುದಿನ ನಾನು ಮನೆಯಿಂದ ನನ್ನ ಅವ್ವನ ಚಾಕು ತಂದೆ.

ನಮ್ಮೂರ ಕಂಬಾರರು ಬಡಿದು ಮಾಡಿದ ಚಾಕು ಅದು. ಅಲಗು ಕಪ್ಪು, ಜಾಲಿ ಕಟ್ಟಿಗೆಯ ಹಿಡಿ. ಪಕ್ಕದಲ್ಲಿ ಕೂತಿದ್ದ ಹುಡುಗಿಯೊಬ್ಬಳು ಅದನ್ನು ನೋಡಿ, "ಅಕ್ಕಾರ, ಇದಕ್ಕ ತುಕ್ಕ ಹಿಡದೈತ್ರಿ. ಪ್ರಸಾದದ ಕೆಲಸಕ್ಕ ಇದು ಬ್ಯಾಡ್ರಿ" ಅಂದಳು. ಅವಳದು ತಪ್ಪಲ್ಲ. ಕಪ್ಪಾದದ್ದೆಲ್ಲ ಕೊಳೆ, ಹೊಳೆಯುವುದೆಲ್ಲ ಶುದ್ಧ ಎಂದು ಅವಳಿಗೆ ಕಲಿಸಿದವರು ನಾವೇ. ಆ ಸಂಜೆಯ ಪ್ರವಚನದ ವಿಷಯ ಕಾಯಕ. ಎಲ್ಲರೂ ತಲೆದೂಗಿ ಕೇಳಿದೆವು. ನನ್ನ ಮನಸ್ಸು ಮಾತ್ರ ಆ ಚಾಕುವಿನ ಸುತ್ತಲೇ ತಿರುಗುತ್ತಿತ್ತು. ಕಾಯಕವನ್ನು ದಿನಬೆಳಗಾದರೆ ಹೊಗಳುವ ಮಠದ ಅಡುಗೆಮನೆಯಲ್ಲಿಯೇ ಊರಿನ ಒಬ್ಬ ಕಾಯಕಜೀವಿಯ ಕೈಕೆಲಸಕ್ಕೆ ಜಾಗವಿಲ್ಲ ಎಂದರೆ ನಾವು ಹೊಗಳುತ್ತಿರುವುದು ಏನನ್ನು?

ಮೊದಲು ಆ ಚಾಕುವಿನ ವಿಷಯ ಹೇಳಬೇಕು. ಸಣ್ಣವಳಿದ್ದಾಗ ಅವ್ವನ ಜೊತೆ ಕುಲುಮೆಗೆ ಹೋಗಿ ತಿದಿ ಒತ್ತಿದ ನೆನಪು ನನಗಿದೆ. ನಮ್ಮ ಕಡೆಯ ಕಂಬಾರರು ಚಾಕು, ಕುಡುಗೋಲಿಗೆ ಹಳೆಯ ಲಾರಿಯ ಸ್ಪ್ರಿಂಗ್ ಪಟ್ಟಿಯನ್ನು ಆರಿಸಿಕೊಳ್ಳುತ್ತಾರೆ. ಅದು ಸಾದಾ ಕಬ್ಬಿಣವಲ್ಲ, ಉಕ್ಕು. ಅದರಲ್ಲಿ ನೂರಕ್ಕೆ ಅರ್ಧ ಪಾಲಿನಷ್ಟು ಇಂಗಾಲ ಬೆರೆತಿರುತ್ತದೆ. ನೋಡಲು ಇಷ್ಟೇ ಇಷ್ಟು. ಆದರೆ ಅಲಗು ಗಟ್ಟಿಯಾಗುವುದು ಆ ಇಂಗಾಲದಿಂದ. ಪಟ್ಟಿಯ ತುಂಡನ್ನು ಇದ್ದಲಿನ ಬೆಂಕಿಯಲ್ಲಿ ಕೆಂಪಗೆ ಕಾಸಿ, ಇಕ್ಕಳದಲ್ಲಿ ಹಿಡಿದು, ಅಡಿಗಲ್ಲಿನ ಮೇಲೆ ಇಟ್ಟು ಬಡಿಯುತ್ತಾರೆ. ಬೆನ್ನು ದಪ್ಪ, ಬಾಯಿ ತೆಳು ಆಗುವಂತೆ ಬಡಿದು, ಅರದಿಂದ ಉಜ್ಜಿ ಆಕಾರಕ್ಕೆ ತರುತ್ತಾರೆ. ನಿಜವಾದ ವಿದ್ಯೆ ಇರುವುದು ಅದರ ಮುಂದೆ. ಅಲಗನ್ನು ಮತ್ತೆ ಸುಮಾರು 800 ಡಿಗ್ರಿಯಷ್ಟು ಕಾಸಿ, ಒಮ್ಮೆಲೇ ನೀರಿಗೋ ಎಣ್ಣೆಗೋ ಅದ್ದುತ್ತಾರೆ. ಆಗ ಅದು ಗಾಜಿನ ಹಾಗೆ ಬಿರುಸಾಗುತ್ತದೆ; ಕೆಳಗೆ ಬಿದ್ದರೆ ಮುರಿಯಲೂಬಹುದು. ಆದ್ದರಿಂದ ಮತ್ತೊಮ್ಮೆ ಹಗುರಾಗಿ ಬಿಸಿ ಮಾಡುತ್ತಾರೆ. ಉಜ್ಜಿದ ಉಕ್ಕಿನ ಮೇಲೆ ಒಣಗಿದ ಜೋಳದ ದಂಟಿನಂಥ ಹಳದಿ ಬಣ್ಣ ಓಡಿ ಬಂದ ಕ್ಷಣದಲ್ಲಿ ನಿಲ್ಲಿಸಬೇಕು. ನಿಲ್ಲಿಸದೆ ನೀಲಿ ಬಣ್ಣಕ್ಕೆ ಬಿಟ್ಟರೆ ಅಡುಗೆಯ ಚಾಕುವಿಗೆ ಬೇಕಾದ ಬಿರುಸು ಹೋಗುತ್ತದೆ. ಇದನ್ನೇ ಹದ ಎನ್ನುವುದು. ಕುಲುಮೆಯ ಮನೆ ಏಕೆ ಯಾವಾಗಲೂ ಅರೆಗತ್ತಲೆ ಎಂದು ನಾನು ಸಣ್ಣವಳಿದ್ದಾಗ ಕೇಳುತ್ತಿದ್ದೆ. ಬೆಂಕಿಯ ಬಣ್ಣ ಬಿಸಿಲಿನಲ್ಲಿ ಕಾಣುವುದಿಲ್ಲ, ನೆರಳಿನಲ್ಲೇ ಓದಬೇಕು. ಶಾಲೆಯ ಮೆಟ್ಟಿಲು ಹತ್ತದವರು ಎಂದು ನಾವು ಹಗುರಾಗಿ ಮಾತಾಡುವ ಜನ ಓದುವ ಅಕ್ಷರ ಅದು.

ಇನ್ನು ಆ ಕಪ್ಪು. ಉಳ್ಳಾಗಡ್ಡಿ, ಹುಣಸೆ, ಮಾವಿನಕಾಯಿಗಳ ರಸ ತಾಗುತ್ತಾ ತಾಗುತ್ತಾ ಉಕ್ಕಿನ ಮೇಲೆ ತೆಳುವಾದ ಬೂದುಗಪ್ಪು ಪದರ ಕೂಡುತ್ತದೆ. ಅದು ಕೆಂಪು ತುಕ್ಕಿನ ಹಾಗೆ ಪುಡಿ ಉದುರುವುದಿಲ್ಲ. ಅಲಗಿಗೆ ಅಂಟಿಕೊಂಡು, ಕೆಂಪು ತುಕ್ಕು ಬೇಗ ಹಿಡಿಯದಂತೆ ತಡೆಯುತ್ತದೆ. ಕೆಂಪು ತುಕ್ಕು ನಮ್ಮ ಆಲಸ್ಯದ ಗುರುತು, ಕಪ್ಪು ಬಳಕೆಯ ಗುರುತು. ನಾಲ್ಕು ದಶಕ ಅಡುಗೆ ಮಾಡಿದ ಚಾಕು ಬೆಳ್ಳಗೆ ಹೊಳೆಯುತ್ತಿದ್ದರೆ ಅದನ್ನು ಯಾರೂ ಬಳಸಿಲ್ಲ ಎಂದೇ ಅರ್ಥ. ಪಂಚಸೂತಕಗಳನ್ನೇ ಅಲ್ಲಗಳೆದ ಶರಣರ ಮಕ್ಕಳು ನಾವು. ದುಡಿದು ಕಪ್ಪಾದ ಕಬ್ಬಿಣಕ್ಕೆ ಮೈಲಿಗೆ ಅಂಟಿಸುವುದು ನಮಗೆ ತಕ್ಕದ್ದಲ್ಲ.

ಶ್ರಾವಣ ಮುಗಿದ ಮೇಲೆ ಆ ಚಾಕುವನ್ನು ಸಾಣೆ ಹಿಡಿಸಲು ಕುಲುಮೆಗೆ ಹೋದೆ. ಬೆಂಕಿ ಇರಲಿಲ್ಲ. ಕಂಬಾರ ಕಾಕಾ ಹೊರಗೆ ಕಟ್ಟೆಯ ಮೇಲೆ ಕೂತಿದ್ದರು.

"ಏನ್ರಿ ಕಾಕಾ, ಕುಲುಮಿ ಆರಿಸೀರಿ?" ಅಂದೆ.

"ನಾ ಆರಿಸಿಲ್ರಿ ಅಕ್ಕಾರ, ಅದ ಆರೈತಿ. ಕೆಲಸ ಬಂದ ದಿವಸ ಹಚ್ಚತೇನಿ. ಒಕ್ಕಲತನದ ಸಾಮಾನೆಲ್ಲಾ ಈಗ ಗ್ಯಾರೇಜಿಗೆ ಹೋಗತಾವು. ಚಾಕು ಸಂತ್ಯಾಗ ಅರವತ್ತು ರೂಪಾಯಿಗೆ ಸಿಗತೈತಿ. ನನ್ನ ಹಂತೇಕ ಯಾರ ಬರತಾರ?"

ಚಾಕುವನ್ನು ಕೈಗೆ ತೆಗೆದುಕೊಂಡು ಉಗುರಿನಿಂದ ಅಲಗನ್ನು ಬಡಿದು ಕಿವಿಗೆ ಹಿಡಿದರು. ಬೆನ್ನಿನ ಮೇಲಿದ್ದ ಮೂರು ಸಣ್ಣ ಗೆರೆಗಳ ಮೇಲೆ ಬೆರಳು ಆಡಿಸಿ, "ಇದು ನಮ್ಮಪ್ಪ ಮಾಡಿದ್ದರಿ. ಮೂರು ಗೆರಿ ಅವನ ಗುರ್ತು" ಅಂದರು. ನಲವತ್ತು ವರ್ಷ ಆ ಗೆರೆಗಳನ್ನು ನಾನು ಬರೀ ಗೀರು ಎಂದುಕೊಂಡಿದ್ದೆ.

ಇನ್ನೊಂದು ಮಾತು ಆ ದಿನ ನನ್ನನ್ನು ಚುಚ್ಚಿತು. ಕಾಕಾ ನನಗಿಂತ ಹದಿನೈದು ವರ್ಷ ಹಿರಿಯರು. ಅವರು ನನ್ನನ್ನು 'ಅಕ್ಕಾರ' ಎಂದು ಬಹುವಚನದಲ್ಲಿ ಕರೆಯುತ್ತಾರೆ. ನಮ್ಮ ಓಣಿಯ ಮೀಸೆ ಬಾರದ ಹುಡುಗರು ಅವರನ್ನು 'ಏ ಕಂಬಾರ' ಎಂದು ಏಕವಚನದಲ್ಲಿ ಕೂಗುತ್ತಾರೆ. ಅದೇ ಹುಡುಗರು ಬಸವ ಜಯಂತಿಯ ವಚನ ಕಂಠಪಾಠದಲ್ಲಿ ಬಹುಮಾನ ತಂದವರು. ಬಸವಣ್ಣನವರು ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯನವರನ್ನು ತಮ್ಮ ಮನೆಯ ಹಿರಿಯರೆಂದು ಹೇಳಿಕೊಂಡರು. ನಾವು ಅವರ ವಚನಗಳನ್ನು ಬಾಯಿಪಾಠ ಮಾಡಿಸಿದೆವು, ಕರೆಯುವ ಬಗೆಯನ್ನು ಕಲಿಸಲಿಲ್ಲ.

ಶರಣರ ಕಾಯಕಗಳ ಪಟ್ಟಿಯನ್ನು ಒಮ್ಮೆ ಹೀಗೆ ಓದಿ ನೋಡೋಣ. ಸೂಜಿಕಾಯಕದ ರಾಮಿತಂದೆಯವರ ಸೂಜಿ, ಬಾಚಿಕಾಯಕದ ಬಸವಣ್ಣನವರ ಬಾಚಿ, ಮೇದಾರ ಕೇತಯ್ಯನವರು ಬಿದಿರು ಸೀಳುವ ಕತ್ತಿ, ಒಕ್ಕಲಿಗ ಮುದ್ದಣ್ಣನವರ ನೇಗಿಲಿನ ಕುಳ, ಮೋಳಿಗೆ ಮಾರಯ್ಯನವರ ಸೌದೆಯ ಕೊಡಲಿ. ಇವೆಲ್ಲ ಎಲ್ಲಿಂದ ಬಂದವು? ಕುಲುಮೆಯಿಂದ. ಎಲ್ಲ ಕಾಯಕಗಳ ಕೈಗೆ ಸಲಕರಣೆ ಕೊಟ್ಟ ಕಾಯಕ ಅದು. ಜಾತಿ ಹುಟ್ಟಿನಿಂದ ಬಂದದ್ದಲ್ಲ, ಮಾಡುವ ಕೆಲಸದಿಂದ ಅಂಟಿದ ಹೆಸರು ಎಂದು ಬಸವಣ್ಣನವರು ತಿಳಿಹೇಳುವ ವಚನ ನಮಗೆಲ್ಲ ಗೊತ್ತಿರುವುದೇ. ಆ ವಚನದಲ್ಲಿ ಅವರು ಮೊಟ್ಟಮೊದಲು ಎತ್ತಿಕೊಳ್ಳುವ ಕಸುಬು ಕಮ್ಮಾರನದು. ವೇದ ಓದುವವನ ಸರದಿ ಅವನ ಆಮೇಲೆ ಬರುತ್ತದೆ. ಈ ವಚನವನ್ನು ನಾವು ಜಾತಿ ನಿರಾಕರಣೆಗೆ ಉದಾಹರಿಸುತ್ತೇವೆ, ಸರಿಯೇ. ಅದರೊಳಗೆ ಬೆಂಕಿಯ ಮುಂದೆ ಕೂತ ಮನುಷ್ಯನನ್ನು ಮಾತ್ರ ನೋಡದೆ ಮುಂದೆ ಹೋಗುತ್ತೇವೆ.

ಆ ಮನುಷ್ಯನ ವಿದ್ಯೆ ಸಣ್ಣದಾಗಿರಲಿಲ್ಲ. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಲ್ಲಿ ಕಬ್ಬಿಣ, ಉಕ್ಕು ಮಾಡುವವರ ಕೆಲಸವನ್ನು ವಿವರವಾಗಿ ಬರೆದಿಟ್ಟಿದ್ದಾನೆ. ದಕ್ಷಿಣ ಭಾರತದ ಉಕ್ಕು ಯುರೋಪಿನಲ್ಲಿ 'ವೂಟ್ಜ್' ಎಂದು ಹೆಸರಾಯಿತು. ಆ ಹೆಸರು ನಮ್ಮ 'ಉಕ್ಕು' ಎಂಬ ಮಾತಿನಿಂದಲೇ ಬಂತು ಎನ್ನುತ್ತಾರೆ ವಿದ್ವಾಂಸರು. ಲಂಡನ್ನಿನಲ್ಲಿ ಮೈಕೆಲ್ ಫ್ಯಾರಡೆ 1819ರ ಹೊತ್ತಿಗೆ ಈ ಉಕ್ಕನ್ನು ಪರೀಕ್ಷೆಗೆ ಒಡ್ಡಿ, ಅದರ ಗುಟ್ಟನ್ನು ಹುಡುಕಿದ. ಮುಂದೆ ವಿದ್ಯುತ್ತಿನ ಶೋಧಗಳಿಂದ ಲೋಕಪ್ರಸಿದ್ಧನಾದ ಆ ಫ್ಯಾರಡೆ ಒಬ್ಬ ಕಮ್ಮಾರನ ಮಗ. ತುಕ್ಕು ಹಿಡಿಯದ ಉಕ್ಕನ್ನು 1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಮಾಡಿದ ಹ್ಯಾರಿ ಬ್ರಿಯರ್ಲಿ ಉಕ್ಕು ಕರಗಿಸುವ ಕೂಲಿಕಾರನ ಮಗ. ನಮ್ಮ ಜ್ಞಾನಪೀಠ ಪುರಸ್ಕೃತ ಕವಿ ಚಂದ್ರಶೇಖರ ಕಂಬಾರರು ಬೆಳಗಾವಿ ಜಿಲ್ಲೆಯ ಘೋಡಗೇರಿಯ ಕಂಬಾರ ಮನೆತನದವರು. ಬೆಂಕಿಯ ಮುಂದೆ ಬೆಳೆದ ಬುದ್ಧಿಗೆ ಎಲ್ಲಿಯವರೆಗೂ ಹೋಗುವ ಶಕ್ತಿ ಇದೆ. ಹೋಗಲು ದಾರಿ ತೆರೆದಿರಬೇಕು, ಅಷ್ಟೇ.

ಈಗ ಎದುರುಮಾತುಗಳಿಗೆ ಬರುತ್ತೇನೆ. ಮಠದ ಸಮಿತಿಯ ಸಭೆಯಲ್ಲಿ ನಾನು ಈ ವಿಷಯ ಎತ್ತಿದಾಗ ಬಂದ ಮಾತುಗಳೇ ಇವು.

"ಅದು ತುಕ್ಕು ಹಿಡಿಯುತ್ತದೆ, ಸ್ಟೀಲು ಹಿಡಿಯುವುದಿಲ್ಲ." ನಿಜ. ಸ್ಟೇನ್‌ಲೆಸ್ ಸ್ಟೀಲಿನಲ್ಲಿ ನೂರಕ್ಕೆ ಕನಿಷ್ಠ 10.5 ಭಾಗ ಕ್ರೋಮಿಯಂ ಇರುತ್ತದೆ, ಅದು ತುಕ್ಕನ್ನು ತಡೆಯುತ್ತದೆ. ಒಳ್ಳೆಯ ಸ್ಟೀಲಿನ ಚಾಕು ಚೆನ್ನಾಗಿಯೂ ಕೊಯ್ಯುತ್ತದೆ. ನಾನು ಅದನ್ನು ಹಳಿಯುತ್ತಿಲ್ಲ. ಆದರೆ ಸಂತೆಯಲ್ಲಿ ಸಿಗುವ ಅಗ್ಗದ ಚಾಕುಗಳ ಅಲಗು ಮೆತ್ತಗೆ. ಹರಿತ ಬೇಗ ಹೋಗುತ್ತದೆ, ಹೋದರೆ ಮತ್ತೆ ಸಾಣೆ ಹಿಡಿಯುವವರಿಲ್ಲ, ಒಗೆಯುವುದೊಂದೇ ದಾರಿ. ಕಂಬಾರರ ಚಾಕುವಿಗೆ ಬೇಕಾಗುವುದು ಇಷ್ಟೇ: ಕೆಲಸ ಮುಗಿದ ಕೂಡಲೇ ತೊಳೆದು, ಒಣ ಬಟ್ಟೆಯಲ್ಲಿ ಒರೆಸಿ, ಬಹಳ ದಿನ ಇಡುವುದಾದರೆ ಒಂದು ಹನಿ ಕುಸುಬಿ ಎಣ್ಣೆ ಸವರಬೇಕು. ಹಿಡಿ ನೀರಿನಲ್ಲಿ ನೆನೆಯಲು ಬಿಡಬಾರದು. ಬದನೆಕಾಯಿ, ಬಾಳೆಕಾಯಿ ಇದರಲ್ಲಿ ಹೆಚ್ಚಿದರೆ ಕಪ್ಪಾಗುತ್ತವೆ, ಅದಕ್ಕೇ ನಮ್ಮ ಅವ್ವಂದಿರು ಹೆಚ್ಚಿದ್ದನ್ನು ಕೂಡಲೇ ನೀರಿಗೆ ಹಾಕುತ್ತಿದ್ದರು. ಹುಳಿ ಹಣ್ಣು ಹೆಚ್ಚಿ ಹಾಗೇ ಬಿಟ್ಟರೆ ಕಬ್ಬಿಣದ ವಾಸನೆ ಬರುತ್ತದೆ. ಇವು ನಿಜವಾದ ಕೊರತೆಗಳು, ಮುಚ್ಚಿಡುವುದಿಲ್ಲ. ಹಣ್ಣಿಗೆ ಒಂದೆರಡು ಸ್ಟೀಲಿನ ಚಾಕು ಇರಲಿ.

"ದುಬಾರಿ." ಇದನ್ನು ಲೆಕ್ಕ ಹಾಕೋಣ. ಕಾಕಾ ಒಂದಕ್ಕೆ 250 ರೂಪಾಯಿ ಹೇಳಿದರು. ಸಂತೆಯ ಚಾಕು 60. ನಮ್ಮ ಮಠಕ್ಕೆ ಬಂದ ಡಬ್ಬಿಯ ಹನ್ನೆರಡರಲ್ಲಿ ಶ್ರಾವಣ ಮುಗಿಯುವ ಹೊತ್ತಿಗೆ ನೆಟ್ಟಗೆ ಉಳಿದದ್ದು ಐದು. ಅವ್ವನ ಚಾಕು ನಲವತ್ತು ವರ್ಷ ದಾಟಿದೆ. ಹಿಡಿ ಎರಡು ಸಲ ಬದಲಾಗಿದೆ, ಅಲಗು ಅದೇ. ಅಲಗು ಸವೆದು ಅಗಲದಲ್ಲಿ ಅರ್ಧ ಆಗಿದೆ, ಆದರೂ ಕೊಯ್ಯುತ್ತದೆ. ದುಬಾರಿ ಯಾವುದು?

ಸಭೆಯಲ್ಲಿ ಒಬ್ಬ ಹಿರಿಯರು, "ಆತು, ಹತ್ತು ಮಾಡಸ್ರಿ, ಆದ್ರ ನೂರೈವತ್ತಕ್ಕ ಮುಗಸ್ರಿ" ಅಂದರು. ಕೆಟ್ಟವರಲ್ಲ, ಮಠದ ರೊಕ್ಕವನ್ನು ಜೋಪಾನ ಮಾಡುವವರು. ಆದರೂ ನನಗೆ ಸುಮ್ಮನಿರಲಾಗಲಿಲ್ಲ. ಹಗ್ಗಕ್ಕೆ ಸಲ್ಲಬೇಕಾದ ಬೆಲೆಗಿಂತ ಹೆಚ್ಚು ಬಂದಾಗ ಒಲ್ಲೆನೆಂದವರು ನುಲಿಯ ಚಂದಯ್ಯನವರು. ಗಂಡ ಬೇಕಾದದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಮರಳಿ ಸುರಿದು ಬಾ ಎಂದವರು ಆಯ್ದಕ್ಕಿ ಲಕ್ಕಮ್ಮನವರು. ದುಡಿಮೆಗೆ ಸಲ್ಲುವುದಕ್ಕಿಂತ ಹೆಚ್ಚು ಬೇಡ ಎಂಬುದು ಅವರ ನಿಯಮವಾಗಿದ್ದರೆ, ದುಡಿದವರಿಗೆ ಸಲ್ಲುವುದಕ್ಕಿಂತ ಕಡಿಮೆ ಕೊಡಬಾರದು ಎಂಬುದು ನಮ್ಮ ನಿಯಮ ಆಗಬೇಡವೆ? ಸೀರೆ ಅಂಗಡಿಯಲ್ಲಿ ಚೀಟಿಯಲ್ಲಿ ಬರೆದ ಬೆಲೆಯನ್ನು ತಲೆಬಾಗಿ ಕೊಡುವ ನಾವು ಕುಲುಮೆಯ ಮುಂದೆ ಮಾತ್ರ ಚೌಕಾಸಿಗೆ ನಿಲ್ಲುತ್ತೇವೆ. ಇನ್ನೊಬ್ಬರ ಬೆವರಿನಿಂದ ಕಡಿದುಕೊಂಡ ನೂರು ರೂಪಾಯಿಯ ಮೇಲೆ ನಡೆಯುವುದು ದಾಸೋಹ ಆಗುವುದಿಲ್ಲ. ಇಷ್ಟು ಹೇಳಿ ಕೂತೆ. ಪೂಜ್ಯ ಅಪ್ಪಗಳು ಹೆಚ್ಚು ಮಾತಾಡಲಿಲ್ಲ. "ಕೇಳಿದಷ್ಟು ಕೊಡ್ರಿ" ಅಂದರು.

ನಮ್ಮಲ್ಲಿ ಇನ್ನೂ ಒಂದು ವಿಚಿತ್ರವಿದೆ. ಮಹಾನವಮಿಗೆ ಖಂಡೇ ಪೂಜೆ ಎಂದು ಚಾಕು, ಕುಡುಗೋಲು, ಕೊಡಲಿಗಳನ್ನು ಮಣೆಯ ಮೇಲಿಟ್ಟು ಕುಂಕುಮ ಹಚ್ಚಿ ಕೈಮುಗಿಯುತ್ತೇವೆ. ಶನಿವಾರ ಕಬ್ಬಿಣ ಕೊಳ್ಳಬಾರದು, ಚಾಕು ಕೈಯಿಂದ ಕೈಗೆ ಕೊಟ್ಟರೆ ಜಗಳ, ಬಾಣಂತಿಯ ಹಾಸಿಗೆಯ ಕೆಳಗೆ ಕಬ್ಬಿಣ ಇಟ್ಟರೆ ದೆವ್ವ ಬರುವುದಿಲ್ಲ. ಇಷ್ಟಲಿಂಗ ಕಟ್ಟಿಕೊಂಡವರ ಮನೆಗಳಲ್ಲಿಯೂ ಇವೆಲ್ಲ ಇಂದಿಗೂ ನಡೆಯುತ್ತಿವೆ. ಕಬ್ಬಿಣದ ತುಂಡಿಗೆ ಇಲ್ಲದ ಶಕ್ತಿಯನ್ನೆಲ್ಲ ಕೊಟ್ಟೆವು, ಅದನ್ನು ಚಾಕು ಮಾಡಿದ ಕೈಗೆ ಇರುವ ಶಕ್ತಿಯನ್ನು ಮಾತ್ರ ಕಾಣಲಿಲ್ಲ. ಚಾಕುವಿಗೆ ಮಾಡಬೇಕಾದ ಪೂಜೆ ಸಾಣೆ ಹಿಡಿಸಿ ಒರೆಸಿ ಇಡುವುದು. ಮಾಡಿದವರಿಗೆ ಮಾಡಬೇಕಾದ ಪೂಜೆ ಕೂಲಿ ಕೊಟ್ಟು ಗೌರವದಿಂದ ಮಾತಾಡುವುದು.

ಇಷ್ಟೆಲ್ಲ ಬರೆದ ಮೇಲೂ ಒಂದು ಕಠಿಣ ಪ್ರಶ್ನೆ ಉಳಿಯುತ್ತದೆ. ಆ ದಿನ ಕುಲುಮೆಯ ಕಟ್ಟೆಯ ಮೇಲೆ ನಾನೂ ವೇದಿಕೆಯ ಭಾಷಣಕಾರರ ಹಾಗೆ, "ಕಾಕಾ, ನಿಮ್ಮ ಹುಡುಗರಿಗೆ ಇದನ್ನ ಕಲಸ್ರಿ, ವಿದ್ಯಾ ಉಳೀಬೇಕು" ಅಂದೆ. ಅವರು ನಕ್ಕು, "ನಿಮ್ಮ ಮಗನ್ನ ಕಳಸ್ರಿ ಅಕ್ಕಾರ, ಕಲಸ್ತೇನಿ" ಅಂದರು. ನನ್ನ ಮಗ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ಅವರ ಮಗ ಹುಬ್ಬಳ್ಳಿಯ ವರ್ಕ್‌ಶಾಪಿನಲ್ಲಿದ್ದಾನೆ. ನನ್ನ ಮಗ ಒಕ್ಕಲುತನ ಬಿಟ್ಟದ್ದು ಪ್ರಗತಿ, ಅವರ ಮಗ ಕುಲುಮೆ ಬಿಟ್ಟದ್ದು ಮಾತ್ರ ಪರಂಪರೆಯ ನಾಶ! ನನ್ನ ಬಳಿ ಉತ್ತರ ಇರಲಿಲ್ಲ.

ಇಲ್ಲಿ ನಾವು ಬಹಳ ಎಚ್ಚರವಾಗಿರಬೇಕು. ಕಾಯಕ ಬೇರೆ, ಕುಲಕಸುಬು ಬೇರೆ. ಅಪ್ಪ ಮಾಡಿದ್ದನ್ನೇ ಮಗ ಮಾಡಬೇಕು ಎಂಬುದು ಜಾತಿಯ ಕಟ್ಟಳೆ, ಶರಣರು ಮುರಿದದ್ದು ಅದನ್ನೇ. ಹಿಂದಿನ ಆಯದ ಪದ್ಧತಿಯನ್ನು ಕೆಲವರು ಬಹಳ ಚೆನ್ನಾಗಿತ್ತೆಂದು ನೆನೆಯುತ್ತಾರೆ. ವರ್ಷವಿಡೀ ಒಕ್ಕಲಿಗರ ಸಲಕರಣೆಗಳನ್ನು ಹಣಿದುಕೊಟ್ಟ ಕಂಬಾರರು ಸುಗ್ಗಿಯಲ್ಲಿ ಕಣಕ್ಕೆ ಬಂದು ಕಾಳು ಒಯ್ಯುತ್ತಿದ್ದರು. ಅದರಲ್ಲಿ ಅನ್ನದ ಭರವಸೆ ಇತ್ತು, ಹೌದು. ಆದರೆ ಕಣದ ಅಂಚಿನಲ್ಲಿ ನಿಂತು, ಅವರು ಅಳೆದುಕೊಟ್ಟದ್ದನ್ನು ಸೆರಗೊಡ್ಡಿ ಪಡೆಯಬೇಕಾದ ಸ್ಥಿತಿಯೂ ಇತ್ತು. ಅದು ಮರಳಿ ಬರುವುದು ಬೇಡ. ಕಂಬಾರರ ಮಗ ಎಂಜಿನಿಯರ್ ಆಗಲಿ, ಕವಿಯಾಗಲಿ, ಅವನ ಇಷ್ಟ. ಆದರೆ ಕುಲುಮೆಯ ವಿದ್ಯೆ ಬೇಕು ಎನ್ನುವ ಯಾರ ಮಗನಿಗಾದರೂ, ಯಾರ ಮಗಳಿಗಾದರೂ ಆ ಬಾಗಿಲು ತೆರೆದಿರಲಿ. ಕುಲುಮೆ ಒಂದು ಜಾತಿಯ ಸೊತ್ತಾಗಿ ಉಳಿದರೆ ಆ ಜಾತಿಯ ಕೊನೆಯ ಮುದುಕನ ಜೊತೆ ಆರಿಹೋಗುತ್ತದೆ. ಅದು ಕಾಯಕವಾದರೆ ಮಾತ್ರ ಉಳಿಯುತ್ತದೆ.

ಮೊನ್ನೆ ರಜೆಗೆ ಬಂದ ನನ್ನ ಮೊಮ್ಮಗನನ್ನು ನಾಲ್ಕು ದಿನ ಕಾಕಾ ಅವರಲ್ಲಿ ಕಳಿಸಿದೆ. ಗಾಳಿ ತಿರುವಿದ, ಸಣ್ಣ ಸುತ್ತಿಗೆ ಹಿಡಿದ, ಒಂದು ವಕ್ರ ಕೊಕ್ಕೆ ಮಾಡಿಕೊಂಡು ಬಂದ. ಅದು ಚಾಕುವಿನ ವಿದ್ಯೆ ಅಲ್ಲ, ಅದರ ಅಆಇಈ ಕೂಡ ಅಲ್ಲ. ಆದರೆ ಅವನು ಈಗ 'ಕಂಬಾರ ಅಜ್ಜಾರು' ಅನ್ನುತ್ತಾನೆ. ನಮ್ಮ ಸಂಬಂಧಿಕರೊಬ್ಬರು ಮಾತ್ರ, "ಅಲ್ಲಾ, ಕೂಸಿಗೆ ಕಂಬಾರರ ಮನಿಗೆ ಕಳಸೀರೆಲ್ಲಾ, ಅಲ್ಲೇ ಊಟಾನೂ ಮಾಡ್ಯಾನಂತ!" ಎಂದು ಹುಬ್ಬೇರಿಸಿದರು. ಅವರ ಮನೆಯ ಗೋಡೆಯ ಮೇಲೆ ಬಸವಣ್ಣನವರ ದೊಡ್ಡ ಪಟವಿದೆ. 2024ರಲ್ಲಿ ಸರಕಾರ ಬಸವಣ್ಣನವರನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕರೆಂದು ಘೋಷಿಸಿದಾಗ ಊರಿಗೆಲ್ಲ ಪೇಡೆ ಹಂಚಿದವರೂ ಅವರೇ. ಪಟ ಏರಿಸುವುದು ಸುಲಭ. ಒಬ್ಬರ ಮನೆಯಲ್ಲಿ ಕೂತು ರೊಟ್ಟಿ ತಿನ್ನುವುದು ನಮಗೆ ಇನ್ನೂ ಕಷ್ಟ.

ಕೊನೆಗೆ, ಮಠಗಳು ಮತ್ತು ನಮ್ಮ ಬಸವಪರ ಸಂಘಟನೆಗಳು ಏನು ಮಾಡಬಹುದು ಎಂದು ನನಗೆ ತೋಚಿದ್ದನ್ನು ಮುಂದಿಡುತ್ತೇನೆ.

ಮೊದಲನೆಯದು, ದಾಸೋಹಕ್ಕೆ ಬೇಕಾದ ಚಾಕು, ಈಳಿಗೆ, ಕೊಡಲಿಗಳನ್ನು ಹತ್ತಿರದ ಕುಲುಮೆಯಿಂದಲೇ ಮಾಡಿಸಲಿ, ಕೇಳಿದ ಬೆಲೆ ಕೊಡಲಿ. ಚಾಕು ಕಾಣಿಕೆ ಕೊಡಬಯಸುವ ಭಕ್ತರಿಗೂ ಅದನ್ನೇ ಹೇಳಲಿ. ಒಂದು ಮಠ ಹತ್ತು ಚಾಕು ಕೊಂಡರೆ ಕುಲುಮೆ ಬದುಕುವುದಿಲ್ಲ. ಮಠ ಕೊಂಡದ್ದನ್ನು ನೋಡಿ ಊರಿನ ನೂರು ಮನೆ ಕೊಂಡರೆ ಬದುಕುತ್ತದೆ. ನಮ್ಮ ಜನ ಮಠದ ಮಾತಿಗಿಂತ ಮಠದ ನಡೆಯನ್ನು ನೋಡಿ ಕಲಿಯುತ್ತಾರೆ.

ಎರಡನೆಯದು, ತಿಂಗಳಿಗೊಮ್ಮೆ ಶಿವಾನುಭವ ಗೋಷ್ಠಿ ನಡೆಯುವ ದಿನ ಮಠದ ಅಂಗಳದಲ್ಲಿ ಸಾಣೆಯ ದಿನವೂ ಆಗಲಿ. ಗೋಷ್ಠಿಗೆ ಬರುವವರು ಮನೆಯ ಮೊಂಡು ಚಾಕುಗಳನ್ನು ತರಲಿ, ಕಂಬಾರರಿಗೆ ಕೂಲಿ ಸಿಗಲಿ. ಕರೆಂಟಿನ ಕಲ್ಲಿಗೆ ಒತ್ತಿ ಹಿಡಿದು ಕಿಡಿ ಹಾರಿಸುವವರಿಂದ ಮಾತ್ರ ಸಾಣೆ ಬೇಡ. ಬಾಯಿ ಕಾದು ನೀಲಿಯಾದರೆ ಹದ ಕೆಟ್ಟಿತೆಂದೇ ಲೆಕ್ಕ. ನೀರು ಹಾಕಿ ಕಲ್ಲಿನ ಮೇಲೆ ನಿಧಾನ ತಿಕ್ಕುವುದೇ ಸರಿ.

ಮೂರನೆಯದು, ಆ ದಿನ ಅವರು ಪ್ರಸಾದಕ್ಕೆ ಎಲ್ಲರ ಜೊತೆ ಅದೇ ಪಂಕ್ತಿಯಲ್ಲಿ ಕೂರಲಿ. "ಅವರು ಆಮೇಲೆ ಉಣ್ಣತಾರ" ಎಂಬ ಮಾತು ಮಠದಲ್ಲಿ ಕೇಳಿಬರದಿರಲಿ. ವರ್ಷಕ್ಕೊಮ್ಮೆ ಶಾಲು ಹೊದಿಸಿ ಫೋಟೊ ತೆಗೆಯುವುದಕ್ಕಿಂತ ಇದು ದೊಡ್ಡ ಸನ್ಮಾನ.

ನಾಲ್ಕನೆಯದು, ಬೇಸಿಗೆಯ ವಚನ ಶಿಬಿರಗಳಲ್ಲಿ ಒಂದು ವಾರ ಮಕ್ಕಳನ್ನು ಕುಲುಮೆಗೆ, ಕುಂಬಾರರ ತಿಗರಿಗೆ, ನೇಕಾರರ ಮಗ್ಗಕ್ಕೆ ಕರೆದೊಯ್ಯಲಿ. ಕಲಿಸುವವರಿಗೆ ಗುರುಗಳಿಗೆ ಕೊಡುವ ಸಂಭಾವನೆಯನ್ನೇ ಕೊಡಲಿ. ಯಾವ ಜಾತಿಯ ಮಗು ಎಂದು ಕೇಳದಿರಲಿ.

ಐದನೆಯದು, 2023ರ ಸೆಪ್ಟೆಂಬರ್ 17ರಂದು ಶುರುವಾದ ಕೇಂದ್ರ ಸರಕಾರದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕಮ್ಮಾರಿಕೆಯೂ ಇದೆ. ತರಬೇತಿಯ ದಿನಗಳಿಗೆ ದಿನಕ್ಕೆ 500 ರೂಪಾಯಿ, ಸಲಕರಣೆಗೆ 15,000 ರೂಪಾಯಿ, ನೂರಕ್ಕೆ 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ತೀರಿಸಿದ ಮೇಲೆ 2 ಲಕ್ಷದವರೆಗೆ ಸಾಲ ಎಂದು ಯೋಜನೆ ಹೇಳುತ್ತದೆ. ಆದರೆ ಬೆಂಕಿಯ ಬಣ್ಣ ಓದಬಲ್ಲ ಕಾಕಾಗೆ ಅರ್ಜಿಯ ಕಾಗದ ಓದಲು ಬರುವುದಿಲ್ಲ. ಮಠದ ಶಾಲೆ, ಕಾಲೇಜುಗಳ ನಮ್ಮ ಹುಡುಗರು ಕೂತು ಕಾಗದಪತ್ರ ಸರಿಮಾಡಿಕೊಟ್ಟರೆ, ಅದಕ್ಕೂ ದಾಸೋಹವೆಂದೇ ಹೆಸರು.

ನಮ್ಮ ಮಠಕ್ಕೆ ಕಾಕಾ ಹತ್ತು ಚಾಕು ಮಾಡಿಕೊಟ್ಟಿದ್ದಾರೆ. ಬೆನ್ನಿನ ಮೇಲೆ ಗುರುತು ಏಕೆ ಹಾಕಿಲ್ಲ ಎಂದು ಕೇಳಿದೆ. "ಮಠದ ಸಾಮಾನಿನ ಮ್ಯಾಲ ನಮ್ಮ ಗುರ್ತು ಹಾಕಬಾರದು ಅಂತ ಬಿಟ್ಟೇನ್ರಿ" ಅಂದರು. ಮರಳಿ ಕೊಟ್ಟು ಹಾಕಿಸಿಕೊಂಡು ಬಂದೆ. ಅವರ ಅಪ್ಪನದು ಮೂರು ಗೆರೆ, ಇವರದು ನಾಲ್ಕು. ಹೊಸ ಚಾಕುಗಳು ಈಗ ಉಳ್ಳಾಗಡ್ಡಿ ಕೊಯ್ದು ಕೊಯ್ದು ನಿಧಾನವಾಗಿ ಕಪ್ಪಾಗುತ್ತಿವೆ. ಅಂದು ತುಕ್ಕು ಎಂದ ಹುಡುಗಿಯೇ ಈಗ ಕೆಲಸ ಮುಗಿದ ಮೇಲೆ ಅವನ್ನೆಲ್ಲ ಎಣಿಸಿ, ಒರೆಸಿ, ಎಣ್ಣೆ ಸವರಿ ಇಡುತ್ತಾಳೆ.

ಓದುವ ಶರಣ ಶರಣೆಯರಲ್ಲಿ ನನ್ನ ಬಿನ್ನಹ ಒಂದೇ. ಇಂದು ನಿಮ್ಮ ಮನೆಯಲ್ಲಿ ಅಡುಗೆಗೆ ಹಿಡಿಯುವ ಚಾಕುವನ್ನು ಒಮ್ಮೆ ತಿರುಗಿಸಿ ನೋಡಿ. ಅದನ್ನು ಮಾಡಿದ ಕೈ ಯಾರದು ಎಂದು ನಿಮಗೆ ಗೊತ್ತಿದ್ದರೆ ಅವರನ್ನು ಬಹುವಚನದಲ್ಲಿ ಮಾತಾಡಿಸಿ. ಗೊತ್ತಿಲ್ಲದಿದ್ದರೆ ನಿಮ್ಮೂರಿನಲ್ಲಿ ಕುಲುಮೆ ಇನ್ನೂ ಹತ್ತಿಕೊಂಡಿದೆಯೇ ಎಂದು ಹೋಗಿ ನೋಡಿ ಬನ್ನಿ.